ನಾಲ್ಕನೆಯ ಬೈಟು

ಅರವತ್ತೈದು ಸಾವಿರದ ಐನೂರ ಮೂವತ್ತೈದು.
ಅಲ್ಲಿಗೆ ಮುಗಿಯಿತು ಲೆಕ್ಕ.
ಅದರಾಚೆ ಒಂದೇ ಒಂದು ಸುತ್ತು ಕೂಡಿಸಿದರೂ
ನಮ್ಮ ಪ್ರೋಗ್ರಾಮು ಮತ್ತೆ ಸೊನ್ನೆಗೇ ಬಂದು ನಿಲ್ಲುತ್ತದೆ,
ಕುಡಿದವನು ಊರೆಲ್ಲ ಅಲೆದು
ಹೊರಟ ಹೆಂಡದಂಗಡಿಗೇ ಬಂದು ನಿಂತ ಹಾಗೆ.

ಮೊದಲು ಗೊತ್ತಾದದ್ದು ತಾರ್ಮೊಗೆ.
ಮರ ಕಡಿಯುವ ಯಂತ್ರ ಓಡಿಸುವವ.
"ಕಡಿದದ್ದು ಸ್ಪ್ರೂಸ್, ದುಡ್ಡು ಬಂದದ್ದು ಬರ್ಚಿಗೆ,
ಅದೂ ಜನವರಿಯ ಬರ್ಚು, ಯಾರದೋ ಕಾಡಿನದು"
ಅಂತ ಯೊಯೆನ್ಸು ಕಚೇರಿಯ ಮೆಟ್ಟಿಲ ಮೇಲೆ
ಬೂಟಿನ ಹಿಮ ಕೊಡವಿದ.
ಬೈಯಲಿಲ್ಲ. ಇಲ್ಲಿ ಯಾರೂ ಅಷ್ಟು ಸುಲಭಕ್ಕೆ ಬೈಯುವುದಿಲ್ಲ.
ರಸೀದಿಯನ್ನು ನನ್ನ ಮೇಜಿನ ಮೇಲಿಟ್ಟು
ಎರಡು ಕಪ್ ಕಾಫಿ ಮುಗಿಯುವ ತನಕ ಅದನ್ನೇ ನೋಡಿದ.

ಮೊದಲು ಲಾರಿಗೊಂದು ಸಾಲು ಬರೆಯುತ್ತಿದ್ದೆವು.
ಈಗ ಯಂತ್ರದ ಕೈ ಮರವನ್ನು ತಬ್ಬಿದ ಕ್ಷಣವೇ
ಒಂದೊಂದು ಕಾಂಡದ ಉದ್ದ, ದಪ್ಪ, ಗಂಟು, ಕೊಳೆತ ಭಾಗ,
ಗೇಣು ಗೇಣಿನ ಅಳತೆಯೂ
ದಬದಬನೆ ಬೀಳುತ್ತದೆ ರಾತ್ರಿಯ ಫೈಲಿಗೆ.
ಕಾಡು ಲಾರಿ ಲಾರಿಯಾಗಿ ಬಂದಾಗ ಹಿಡಿಸಿತ್ತು,
ಮರ ಮರವಾಗಿ ಬಂದಾಗ ಹಿಡಿಸಲಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಕಾಲೇ ಬೆಳೆದರೆ?

"ಹಿಲ್ಕಾ, ನೋಡಿದಿರಾ," ಅಂದ ಹೊಸ ಹುಡುಗ ಏಲಿಸ್,
"ಮರದೊಳಗೂ ಉಂಗುರ, ಡಿಸ್ಕಿನ ಮೇಲೂ ಉಂಗುರ!"
ಅವನ ಖುಷಿ ಕೆಡಿಸಬಾರದಿತ್ತು, ಕೆಡಿಸಿದೆ:
"ಮರ ತನ್ನ ಉಂಗುರ ಎಣಿಸಿಕೊಳ್ಳುವುದಿಲ್ಲ, ಮಾರಾಯ.
ಅದಕ್ಕೇ ಅದಕ್ಕೆ ಈ ಕಾಯಿಲೆ ಬಂದಿಲ್ಲ."

ಇನ್ನೂರ ಹನ್ನೆರಡು ಪ್ರೋಗ್ರಾಮು.
ಒಂದೊಂದನ್ನೂ ತೆರೆದು, ಸುತ್ತಿನ ಸಂಖ್ಯೆಯನ್ನು
ಎರಡು ಬೈಟಿನ ಡಬ್ಬಿಗೆ ತುರುಕಿದ ಜಾಗ ಹುಡುಕಬೇಕು.
ಒಂದರಲ್ಲಿ ನೇರ. ಒಂದರಲ್ಲಿ ಬೇರೆ ಹೆಸರಿಟ್ಟುಕೊಂಡು.
ಒಂದರಲ್ಲಿ ವರದಿಯ ಐದಂಕಿಯ ಕಾಲಮ್ಮಿನಲ್ಲಿ ಬೆಚ್ಚಗೆ ಕೂತು
ಆರನೆಯ ಅಂಕಿಗೆ ಸರಿದು ಜಾಗ ಕೊಡಲೊಲ್ಲದು.
ಮಧ್ಯಾಹ್ನ ಮೂರಕ್ಕೇ ಕತ್ತಲು. ದೀಪ ಹಚ್ಚಿದೆವು.

ಎಲ್ಲಕ್ಕೂ ಬೇರಾದ ಪ್ರೋಗ್ರಾಮಿನ ನೆತ್ತಿಯಲ್ಲಿ ಒಂದು ಟಿಪ್ಪಣಿ:
"ಇಷ್ಟು ಸಾಕು. ತೈಸ್ತೊ, ೧೯೮೧."
ಕೆಳಗೆ ಅವನು ಹಾಕಿದ ವಿಳಾಸದ ಪೆಟ್ಟಿಗೆ:
ಸುತ್ತಿನ ಸಂಖ್ಯೆಗೆ ಎರಡು ಬೈಟು,
ಸುತ್ತಿನೊಳಗಿನ ಸ್ಥಾನಕ್ಕೆ ಒಂದು,
ಪಕ್ಕದಲ್ಲಿ
ಒಂದು ಖಾಲಿ.
ನಲವತ್ತು ವರ್ಷ ಸೊನ್ನೆಯನ್ನು ಮಡಿಲಲ್ಲಿಟ್ಟುಕೊಂಡು
ಯಾರಿಗೂ ಏನೂ ಹೇಳದೆ ಕೂತ ನಾಲ್ಕನೆಯ ಬೈಟು.
ಅದೊಂದು ಸಿಕ್ಕರೆ ಸಾಕು, ಪೆಟ್ಟಿಗೆ ಒಡೆಯದೆಯೇ
ಒಂದು ಕೋಟಿ ಅರವತ್ತೇಳು ಲಕ್ಷದ ತನಕ ಎಣಿಸಬಹುದು.

ಫೋನ್ ಮಾಡಿದೆ. ಎಂಬತ್ತಾರು ವಯಸ್ಸು,
ಸರೋವರದ ದಡದಲ್ಲಿ ಸೌದೆ ಸೀಳುತ್ತಿದ್ದ.
ಕೊಡಲಿ ಕೆಳಗಿಟ್ಟ ಸದ್ದು ಕೇಳಿತು.
"ಮುಂದೆ ಬರುವವರಿಗೆ ಇರಲಿ ಅಂತ ಬಿಟ್ಟಿದ್ದಾ?"
ಬಹಳ ಹೊತ್ತು ಸುಮ್ಮನಿದ್ದ. ನಾನೂ.
"ಇಲ್ಲ. ನಾಲ್ಕಕ್ಕೆ ಸರಿಹೊಂದದಿದ್ದರೆ
ಆಗಿನ ಯಂತ್ರ ಮುಗ್ಗರಿಸುತ್ತಿತ್ತು.
ಸಂದಿಗೆ ಹುಲ್ಲು ತುರುಕಿದ ಹಾಗೆ ಸೊನ್ನೆ ತುರುಕಿದೆ.
ಯಾಕೆ, ಏನಾದರೂ ಕೆಟ್ಟಿತಾ?"
"ಕೆಟ್ಟಿಲ್ಲ. ಬೆಳೆದಿದೆ."
"ಹಾಗಾದರೆ ಸರಿ," ಅಂದು ಕೊಡಲಿ ಎತ್ತಿಕೊಂಡ.

ದೂರದೃಷ್ಟಿ ಅಲ್ಲವಂತೆ. ಇರಲಿ.
ದಾನ ಅಂತ ತಿಳಿಯದೆ ಕೊಟ್ಟದ್ದಕ್ಕೂ
ಕೈ ಚಾಚುವವಳ ಅಂಗೈ ಅಷ್ಟೇ ಅಗಲ.

ಶನಿವಾರ ರಾತ್ರಿ ಓಡಿಸಿದೆವು.
ಏಲಿಸ್ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದ.
ಅರವತ್ತೈದು ಸಾವಿರದ ಐನೂರ ಮೂವತ್ತೈದು.
ಮೂವತ್ತಾರು.
ಮೂವತ್ತೇಳು. ಏನೂ ಆಗಲಿಲ್ಲ.
ಏನೂ ಆಗದಿರುವುದೇ ನಮ್ಮ ಕಸುಬು.

ತೈಸ್ತೊನ ಸಾಲನ್ನು ಅಳಿಸಲಿಲ್ಲ.
ಅದರ ಕೆಳಗೆ ಬರೆದೆ: "ಸದ್ಯಕ್ಕೆ ಸಾಕು. ಹಿಲ್ಕಾ."

ಇನ್ನೂರ ಹದಿಮೂರನೆಯದೊಂದು ಎಲ್ಲೋ ಇರಬೇಕು
ಅಂತ ಈಗಲೂ ರಾತ್ರಿ ಎಚ್ಚರವಾಗುತ್ತದೆ.
ತಾರ್ಮೊಗೆ ಹನ್ನೊಂದು ಯೂರೊ ನಲವತ್ತು ಸೆಂಟು ಬಾಕಿ ಸಿಕ್ಕಿತು.
ಎಣಿಸಿ ಜೇಬಿಗಿಟ್ಟು "ಹ್ಞೂಂ" ಅಂದ.
ಈ ಊರಲ್ಲಿ ಅದು ಸಣ್ಣ ಮಾತಲ್ಲ.